ಎಂಟೂವರಿ ತಿಂಗಳ ಕೂಸಿನ ತೂಕ ಏರವಲ್ದು, ನನ್ನ ಹಾಲೇ ಸಾಲವಲ್ದೇನ್ರಿ ಮೇಡಂ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಂದು ಶಹಾಪುರ, ಪ್ರೈವೇಟ್ ಸ್ಕೂಲ್‌ನಾಗ ಟೀಚರ್ ಇದ್ದೀನಿ. ಮಗಳಿಗಿ ಈಗ ಎಂಟೂವರಿ ತಿಂಗಳು. ಹುಟ್ಟಿದಾಗ 2.6 ಕೇಜಿ, ಒಂದೂವರಿ ತಿಂಗಳ ಸೂಜಿಗಿ 3.8, ಮೂರೂವರಿ ತಿಂಗಳ ಸೂಜಿಗಿ 5.1, ಆರು ತಿಂಗಳಿಗಿ 6.2, ಮೊನ್ನೆ ಅಂಗನವಾಡ್ಯಾಗ ತೂಗಿದ್ರ 6.4 ಅಷ್ಟೇ. ಬಾಜು ಮನಿ ಹುಡುಗ ಇಕಿ ವಾರಿಗಿನೇ, ಅವ 9 ಕೇಜಿ ಅದಾನ. ಆರು ತಿಂಗಳ ತನಕ ಬರೀ ನನ್ನ ಹಾಲೇ ಕುಡಿಸೀನಿ. ಆಮ್ಯಾಲ ಡ್ಯೂಟಿಗಿ ಹೋಗ್ಲಕತ್ತೀನಿ, ಮುಂಜಾನಿ 9ಕ್ಕ ಹೋದ್ರ ಬರೋದು 4ಕ್ಕ. ಹಗಲಿ ಅತ್ತಿ ನೋಡ್ಕೋತಾರ, ಬ್ಯಾಳಿ ಕಟ್ಟು ಕುಡಿಸ್ತಾರ, ಚಾದಾಗ ಬಿಸ್ಕಿಟ್ ಅದ್ದಿ ಕೊಡ್ತಾರ, ಒಮ್ಮೊಮ್ಮಿ ತುಸು ಅನ್ನ. ಹೋದ ತಿಂಗಳು ಐದು ದಿನ ಜುಲಾಬ್ ಆಗಿತ್ತು. ಅತ್ತಿ ನಿನ್ನ ಹಾಲು ನೀರಿನಂಗ ಅದ ಅಂತಾರ, ನೆಗೆಣ್ಣಿ ದೃಷ್ಟಿ ಆಗ್ಯಾದ ಅಂತಾಳ, ಮೆಡಿಕಲ್ ಅಂಗಡ್ಯಾಂವ ಹಸಿವಿನ ಟಾನಿಕ್ ಕೊಟ್ಟಾನ, ನಮ್ಮವ್ರು ಡಬ್ಬಿ ಹಾಲು ತರ್ತೀನಿ ಅಂತಾರ. ಕೂಸು ನಗ್ತದ, ಅಂಬೆಗಾಲು ಹಾಕ್ತದ, ಆಡ್ತದ. ನನಗ ಮಾತ್ರ ರಾತ್ರಿ ನಿದ್ದಿ ಬರವಲ್ದು. ಏನ್ ಮಾಡ್ಲಿ?

ಉತ್ತರ:

ತಂಗಿ, ಮೊದ್ಲು ಒಂದು ಮಾತು, ಹುಟ್ಟಿದ ದಿನದಿಂದ ಇಲ್ಲಿ ತನಕ ತೂಕ ವಯಸ್ಸಿನ ಸಮೇತ ಬರ್ದು ಕಳ್ಸೀರಿ, ಭಾಳ ಛೊಲೊ ಆತು. ಇಲ್ಲಿ ಕಲಬುರಗಿದಾಗ ನನ್ನ ಓಪಿಡಿಗಿ ಬರೋರಾಗ ಹೆಚ್ಚಿನವ್ರು "ಕೂಸು ಏರವಲ್ದು ಮೇಡಂ" ಅಂತಾರ, ಎಷ್ಟಿತ್ತು ಎಷ್ಟಾಗ್ಯಾದ ಅಂದ್ರ ಒಬ್ರ ಮಾರಿ ಒಬ್ರು ನೋಡ್ತಾರ, ತಾಯಿ ಕಾರ್ಡ್ ಮನ್ಯಾಗ ಕಪಾಟ್ನಾಗ ಇರ್ತದ. ನಿಮ್ಮ ಐದು ತೂಕದಾಗೇ ಅರ್ಧ ಉತ್ತರ ಅದ.

ನಿಮ್ಮ ಪತ್ರದಾಗ ಎರಡು ಚಿಂತಿ ಕೂಡ್ಯಾವ. ಕೂಸಿಗಿ ಏನರ ಆಗ್ಯಾದೇನು ಅನ್ನೋದು ಒಂದು, ಅದು ನನ್ನಿಂದೇ ಆತೇನು ಅನ್ನೋದು ಇನ್ನೊಂದು. ಎರಡನೇದ್ದಕ್ಕ ಮೊದ್ಲೇ ಹೇಳಿ ಬಿಡ್ತೀನಿ, ನಿಮ್ಮ ಹಾಲಿಂದ ಆಗಿಲ್ಲ. ಬರೀ ನಿಮ್ಮ ಹಾಲು ಕುಡ್ದ ಆರು ತಿಂಗಳದಾಗ 2.6 ಇದ್ದ ಕೂಸು 6.2 ಆಗ್ಯಾದ, ಅಂದ್ರ ಮೂರೂವರಿ ಕೇಜಿ ಮ್ಯಾಲ ಏರ್ಯಾದ, ಹಾಲು ನೀರಿನಂಗ ಇದ್ದಿದ್ರ ಇದು ಆಗ್ತಿದ್ದಿಲ್ಲ. ತಾಯಿ ಹಾಲು ನೋಡ್ಲಿಕ್ಕ ಎಮ್ಮಿ ಹಾಲಿನಂಗ ಗಟ್ಟಿ ಇರಂಗಿಲ್ಲ, ತುಸು ನೀಲಿ ನೀಲಿ ತೆಳ್ಳಗ ಕಾಣ್ತದ, ಎಲ್ಲಾ ತಾಯಂದ್ರದೂ ಹಂಗೇ. ಬಟ್ಟಲದಾಗ ಹಿಂಡಿ ನೋಡಿ ಹಾಲಿನ ತಾಕತ್ತು ಅಳಿಯೋದು ನಮ್ಮ ಕಡಿ ಮನಿ ಮನಿದಾಗ ನಡೀತದ, ಅದ್ರಿಂದ ಏನೂ ಗೊತ್ತಾಗಂಗಿಲ್ಲ.

ಮೊದಲ್ನೇ ಚಿಂತಿಗಿ ಉತ್ತರ ಅಷ್ಟು ಸಲೀಸಿಲ್ಲ. ಹೌದು, ಆರು ತಿಂಗಳ ಮ್ಯಾಲ ಏನೋ ಒಂದು ತಪ್ಪ್ಯಾದ, ಅದನ್ನ ಈ ತಿಂಗಳದಾಗೇ ಸರಿ ಮಾಡ್ಬೇಕು.

ಬಾಜು ಮನಿ ಹುಡುಗನ ಸುದ್ದಿ ಬಿಡ್ರಿ ಮೊದ್ಲು. ಅವ ಗಂಡು ಹುಡುಗ, ಆ ವಯಸ್ಸಿಗಿ ಗಂಡು ಮಕ್ಕಳ ನಡುವಿನ ತೂಕನೇ ಹೆಣ್ಣು ಮಕ್ಕಳಿಗಿಂತ ಅರ್ಧ ಕೇಜಿ ಮ್ಯಾಲ ಜಾಸ್ತಿ ಇರ್ತದ, ಹುಟ್ಟಿದಾಗ ಅವ ಎಷ್ಟಿದ್ದ ಅನ್ನೋದೂ ನಿಮಗ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ದವ್ರು 2006ರಾಗ ಬೆಳವಣಿಗಿ ಚಾರ್ಟ್ ಹೊರಗ ತಂದ್ರು, ಆರು ದೇಶದ ಎದಿಹಾಲು ಕುಡ್ಯೋ ಮಕ್ಕಳನ್ನ ತೂಗಿ ಅಳ್ದು ಮಾಡಿದ್ದು, ಅದ್ರಾಗ ನಮ್ಮ ದಿಲ್ಲಿ ಮಕ್ಕಳೂ ಇದ್ರು. ಹಿಂಗಾಗಿ "ಅದು ಫಾರಿನ್ ಮಕ್ಕಳ ಲೆಕ್ಕ, ನಮ್ಮವ್ರು ಸಣ್ಣೋರೇ" ಅನ್ನೋ ಮಾತು ನಡ್ಯಂಗಿಲ್ಲ. ಆ ಚಾರ್ಟ್ ಪ್ರಕಾರ ಎಂಟೂವರಿ ತಿಂಗಳ ಹೆಣ್ಣುಕೂಸಿನ ನಡುವಿನ ತೂಕ ಸುಮಾರು 8 ಕೇಜಿ, ಅಲ್ಲಿಂದ ಕೆಳಗ 6.4 ತನಕ ಸಾಮಾನ್ಯ ಅಂತ ಹಿಡೀತಾರ. ಅಂದ್ರ ನಿಮ್ಮ ಮಗಳು ಬರೋಬ್ಬರಿ ಅಂಚಿನ ಮ್ಯಾಲ ನಿಂತಾಳ. ನಿಮ್ಮ ತಾಯಿ ಕಾರ್ಡ್ ತೆಗ್ದು ನೋಡ್ರಿ, ಹಸಿರು ಪಟ್ಟಿ ಮುಗ್ದು ಹಳದಿ ಶುರು ಆಗೋ ಜಾಗಾ ಅದಲ್ಲ, ಅಲ್ಲಿ.

ಆದ್ರ ಆ ಒಂದು ಚುಕ್ಕಿ ನೋಡಿ ನನಗ ಹೆದ್ರಿಕಿ ಬಂದಿಲ್ಲ. ಹುಟ್ಟಾ ಸಣ್ಣ ಇದ್ದು ಗೆರಿ ಹಿಡ್ದು ಸುಮ್ನ ಬೆಳ್ಯೋ ಮಕ್ಕಳು ಭಾಳ ಅದಾವ, ಅವಕ್ಕ ಏನೂ ಆಗಿರಂಗಿಲ್ಲ, ಅವ್ವ ಅಪ್ಪ ಸಣ್ಣ ಗಾತ್ರದೋರು ಇರ್ತಾರ ಅಷ್ಟೇ. ನಿಮ್ಮ ಮಗಳೂ ಆರು ತಿಂಗಳ ತನಕ ಹಂಗೇ ಇದ್ಲು, ನಡುವಿನ ಗೆರಿಗಿಂತ ಕೆಳಗ ಖರೇ, ಆದ್ರ ತನ್ನ ಹಾದಿ ಬಿಟ್ಟಿರ್ಲಿಲ್ಲ. ಅಲ್ಲಿಂದ ಎರಡೂವರಿ ತಿಂಗಳದಾಗ ಏರಿದ್ದು ಬರೀ 200 ಗ್ರಾಂ, ಅದೇ ಹಾದಿ ಹಿಡ್ದಿದ್ರ ಹತ್ರ ಹತ್ರ 600 ಗ್ರಾಂ ಏರ್ಬೇಕಿತ್ತು. ಗೆರಿ ಮಲಗ್ಯಾದ ಅಂತೀವಿ ನಾವು ಇದಕ್ಕ. 6.4 ಅನ್ನೋ ನಂಬರ್‌ಗಿಂತ ಈ ಮಲಗಿದ್ದು ದೊಡ್ಡ ಸುದ್ದಿ. ಹಂಗೇ 9 ಕೇಜಿ ಕೂಸಿನ ಗೆರಿನೂ ಮಲಗಬಹುದು, ಅದನ್ನ ಯಾರೂ ನೋಡಂಗಿಲ್ಲ, ಗುಂಡು ಗುಂಡು ಅದ ಅಂತ ಮುದ್ದು ಮಾಡ್ತಾರ.

ಒಂದು ಅನುಮಾನ ನಿವಾರಿಸ್ಕೋಬೇಕು, ತಕ್ಕಡಿದು. ಮೊದಲ್ನೇ ತೂಕ ಆಸ್ಪತ್ರಿದಾಗ, ಆಮ್ಯಾಲಿಂದು ಸಬ್ ಸೆಂಟರ್‌ದಾಗ, ಈಗಿಂದು ಅಂಗನವಾಡಿ ನೇತಾಡೋ ತಕ್ಕಡಿದಾಗ ಆಗಿದ್ರ 100–200 ಗ್ರಾಂ ಹೆಚ್ಚು ಕಮ್ಮಿ ಬರ್ತದ. ಸ್ವೆಟರ್ ಡೈಪರ್ ಸಮೇತ ತೂಗೋದು, ಹೊಟ್ಟಿ ತುಂಬ ಹಾಲು ಕುಡಿಸಿದ ಕೂಡ್ಲೇ ತೂಗೋದು, ಇದ್ರಿಂದನೂ ಫರಕ್ ಬೀಳ್ತದ. ಹಂಗಾಗಿ ಈ ವಾರ ಒಂದು ಡಿಜಿಟಲ್ ತಕ್ಕಡಿ ಹಿಡ್ಕೊಳ್ರಿ, ಅದೇ ತಕ್ಕಡಿ, ಮುಂಜಾನಿ ಹೊತ್ತು, ಅರಿಬಿ ತೆಗ್ದು, ಇನ್ನ ಮುಂದ ಅಲ್ಲೇ ತೂಗಿಸ್ರಿ. ಹಂಗಂತ ದಿನಾ ತೂಗಬ್ಯಾಡ್ರಿ ಮತ್ತ, ಅದು ತಲಿಬ್ಯಾನಿ, ಎರಡು ವಾರಕ್ಕೊಮ್ಮಿ ಸಾಕು.

ಈಗ ಆರನೇ ತಿಂಗಳದಾಗ ಏನಾತು ಅನ್ನೋದಕ್ಕ ಬರೋಣ. ನೀವೇ ಬರ್ದೀರಿ, ನೀವು ಡ್ಯೂಟಿಗಿ ಹೊಂಟ್ರಿ, ಹಗಲಿನ ಎದಿಹಾಲು ಬಂದ್ ಆತು, ಅದ್ರ ಜಾಗಾದಾಗ ಬ್ಯಾಳಿ ಕಟ್ಟು ಬಂತು. ಆರು ತಿಂಗಳಿಂದ ಎಂಟು ತಿಂಗಳ ಕೂಸಿಗಿ ದಿನಕ್ಕ ಸುಮಾರು 600 ಕ್ಯಾಲೊರಿ ಬೇಕು. ಎದಿಹಾಲು ಸರಿಯಾಗಿ ನಡ್ದಿದ್ರ ಅದ್ರಿಂದ 400 ಹತ್ರ ಬರ್ತದ, ಉಳಿದ 200 ಊಟದಿಂದ ಬರ್ಬೇಕು, ಒಂಬತ್ತನೇ ತಿಂಗಳಿಂದ ಊಟದ ಪಾಲು 300ಕ್ಕ ಏರ್ತದ. ಕೂಸಿನ ಹೊಟ್ಟಿ ಒಂದು ಸಲಕ್ಕ ಹಿಡಿಸೋದು ಕೇಜಿಗಿ 30 ಗ್ರಾಂ ಲೆಕ್ಕದಾಗ, ಅಂದ್ರ ನಿಮ್ಮ ಮಗಳಿಗಿ 200 ಎಂಎಲ್‌ಗಿಂತ ಕಮ್ಮಿ. ಆ ಸಣ್ಣ ಹೊಟ್ಟಿ ತುಂಬ ಬ್ಯಾಳಿ ಕಟ್ಟು ಕುಡಿಸಿದ್ರ ಕೂಸು ತೃಪ್ತಿಲೆ ಮಲಗ್ತದ, ಅತ್ತಿಗೂ ಸಮಾಧಾನ ಆಗ್ತದ, ಆದ್ರ ಒಳಗ ಹೋಗಿದ್ದು ಬರೀ ನೀರು, ಉಪ್ಪು, ಬ್ಯಾಳಿ ವಾಸ್ನಿ. ಬ್ಯಾಳಿ ಎಲ್ಲಾ ಕೆಳಗ ಕುಕ್ಕರ್‌ದಾಗ ಉಳೀತು, ಅದನ್ನ ದೊಡ್ಡೋರು ರೊಟ್ಟಿ ಜೋಡಿ ಉಂಡ್ರು! ತೊಗರಿ ಕಣಜ ಅಂತ ಊರೆಲ್ಲಾ ಹೇಳ್ಕೋತೀವಿ, ಕಲಬುರಗಿ ತೊಗರಿಗಿ ಜಿಐ ಟ್ಯಾಗ್ ಬ್ಯಾರೆ ಸಿಕ್ಕಾದ, ಆದ್ರ ನಮ್ಮ ಮಕ್ಕಳ ಬಟ್ಟಲಿಗಿ ಬೀಳೋದು ಅದ್ರ ಮ್ಯಾಲಿನ ನೀರು.

ನಿಮ್ಮ ಅತ್ತಿಯವ್ರದು ತಪ್ಪು ಅಂತ ಹೇಳ್ಲಕತ್ತಿಲ್ಲ ನಾನು. ಹಲ್ಲಿಲ್ಲದ ಕೂಸು, ಗಟ್ಟಿ ಕೊಟ್ರ ಗಂಟಲಿಗಿ ಸಿಗ್ತದ, ಅರಗಂಗಿಲ್ಲ ಅನ್ನೋ ಹೆದ್ರಿಕಿ ಅವ್ರಿಗಿ, ಅದು ಪ್ರೀತಿದಿಂದ ಬಂದ ಹೆದ್ರಿಕಿ. ದೇಶದ ತುಂಬ ಇದೇ ಕಥಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಿದಾಗ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಾಗ ಬೇಕಾದಷ್ಟು ಊಟ ಸಿಗ್ತಿದ್ದಿದ್ದು 100ಕ್ಕ 11 ಮಕ್ಕಳಿಗಿ ಮಾತ್ರ. ಅದೇ ಸಮೀಕ್ಷಿದಾಗ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಾಗ ಮೂರಕ್ಕ ಒಂದು ಕಮ್ಮಿ ತೂಕದ್ದು. ಹಂಗಾಗಿ ನಿಮ್ಮ ಮನಿ ಒಂದೇ ಅಲ್ಲ, ನಾಚ್ಕೊಳ್ಳೋ ಮಾತೇ ಇಲ್ಲ.

ಏನ್ ಕೊಡ್ಬೇಕು? ಹೊಸಾದು ಏನೂ ತರೋದು ಬ್ಯಾಡ, ಮನ್ಯಾಗ ಮಾಡಿದ್ದೇ ಗಟ್ಟಿ ಮಾಡಿ ಕೊಡ್ರಿ. ಚಮಚಾದಾಗ ತಗೊಂಡು ತುಸು ವಾರೆ ಹಿಡಿದ್ರ ಹರಿದು ಬೀಳಬಾರ್ದು, ನಿಲ್ಬೇಕು, ಅದೇ ಅಳತಿ. ಅನ್ನ ಮೆತ್ತಗ ಮಾಡಿ, ಕುಕ್ಕರ್ ತಳದಾಗಿನ ಗಟ್ಟಿ ತೊಗರಿ ಬ್ಯಾಳಿ ಎರಡು ಮೂರು ಚಮಚಾ ಹಾಕಿ, ಖಾರ ಹಾಕೋಕಿಂತ ಮೊದ್ಲೇ ತೆಗ್ದಿಟ್ಟು, ಒಂದು ಚಮಚಾ ತುಪ್ಪ ಇಲ್ಲಾ ಶೇಂಗಾ ಎಣ್ಣಿ ಹಾಕಿ ಕೈಲೆ ನುರ್ದು ಕೊಡ್ರಿ. ಆ ಒಂದು ಸಣ್ಣ ಚಮಚಾ ತುಪ್ಪದಾಗೇ 45 ಕ್ಯಾಲೊರಿ ಅದಾವ, ಹಿಂಗ ಮಾಡಿದ ಅರ್ಧ ಬಟ್ಟಲ ಊಟ 150ರ ಹತ್ರ ಹೋಗ್ತದ, ಕಟ್ಟು ಎಷ್ಟು ಬಟ್ಟಲ ಕುಡಿಸಿದ್ರೂ ಅಲ್ಲಿಗಿ ಮುಟ್ಟಂಗಿಲ್ಲ. ಬಿಸಿ ಜೋಳದ ರೊಟ್ಟಿ ನಡುವಿನ ಮೆತ್ತನ ಪದರು ತೆಗ್ದು ಬ್ಯಾಳ್ಯಾಗ ನೆನಿ ಹಾಕಿ ನುರ್ದು ಕೊಡ್ಬಹುದು. ಜೋಳದ ನುಚ್ಚು ಮೊಸರು ನಡೀತದ. ಶೇಂಗಾ ಹುರ್ದು ಸಣ್ಣಗ ಪುಡಿ ಮಾಡಿ ಒಂದು ಚಮಚಾ ಗಂಜ್ಯಾಗ ಕಲಸ್ರಿ, ಆದ್ರ ಇಡೀ ಕಾಳು, ಅರ್ಧ ಕಾಳು, ಪುಠಾಣಿ ಯಾವುದೂ ಕೈಗಿ ಕೊಡಬ್ಯಾಡ್ರಿ, ಉಸಿರಿನ ನಳಿಗಿ ಸಿಕ್ಕು ಬರೋ ಮಕ್ಕಳನ್ನ ನೋಡೀನಿ, ಅದು ಭಾಳ ಕೆಟ್ಟ. ಕುಂಬಳಕಾಯಿ, ಗಜ್ಜರಿ, ಪಾಲಕ್, ಮೆಂತಿ, ನುಗ್ಗಿ ಎಲಿ, ಬ್ಯಾಳಿ ಕುದಿಸೋವಾಗ ಅದ್ರಾಗೇ ಒಂದು ಹಿಡಿ ಹಾಕ್ರಿ. ಬಾಳಿಹಣ್ಣು, ಪಪ್ಪಾಯಿ ನಡೀತಾವ, ಬಾಳಿಹಣ್ಣು ಥಂಡಿ ಅನ್ನೋರು ಅನ್ಲಿ. ತತ್ತಿ ತಿನ್ನೋ ಮನಿ ಆಗಿದ್ರ ಪೂರಾ ಕುದ್ಸಿದ ತತ್ತಿ ನುರ್ದು ಕೊಡ್ರಿ, ಅರ್ಧದಿಂದ ಶುರು ಮಾಡ್ರಿ, ಬ್ಯಾಸಿಗ್ಯಾಗೂ ಕೊಡ್ಬಹುದು, ಉಷ್ಣ ಅಂತ ಏನೂ ಆಗಂಗಿಲ್ಲ. ಉಪ್ಪು ಸಕ್ರಿ ವರ್ಷ ತುಂಬೋ ತನಕ ಹಾಕದಿದ್ರ ಛೊಲೊ, ಜೇನುತುಪ್ಪ ಅಂತೂ ವರ್ಷದೊಳಗ ನೆಕ್ಕಿಸ್ಲೇಬ್ಯಾಡ್ರಿ.

ಮೊಳಕಿ ಕಾಳಿನ ಒಂದು ಉಪಾಯ ಹೇಳ್ತೀನಿ, ಇದು ಅತ್ತಿಗೂ ಹಿಡಸ್ತದ. ಜೋಳ ಇಲ್ಲಾ ರಾಗಿ ಇಲ್ಲಾ ಸಜ್ಜಿ ರಾತ್ರಿ ನೆನಿ ಹಾಕಿ, ಅರಿಬ್ಯಾಗ ಕಟ್ಟಿ, ಮೊಳಕಿ ಬಂದ ಮ್ಯಾಲ ಒಣಗಿಸಿ, ಮೊಳಕಿ ಉದುರಿಸಿ, ಹುರ್ದು ಬೀಸಿಟ್ಕೊಳ್ರಿ. ಜೋಳ ಮಾಡಿದ್ರ ಮೊಳಕಿ ಪೂರಾ ತಿಕ್ಕಿ ತೆಗೀಲೇಬೇಕು, ಅದ್ರ ಹಸಿ ಮೊಳಕ್ಯಾಗ ವಿಷದ ಅಂಶ ಇರ್ತದ, ಅದಕ್ಕ ನಾನು ರಾಗಿ ಸಜ್ಜಿನೇ ಮಾಡ್ರಿ ಅಂತೀನಿ. ಸಾದಾ ಹಿಟ್ಟಿನ ಗಂಜಿ ಆರಿದ ಮ್ಯಾಲ ಅಂಟಾಗ್ತದ, ಆಗ ಜನ ನೀರು ಹಾಕಿ ತೆಳ್ಳಗ ಮಾಡ್ತಾರ, ಅಲ್ಲೇ ತಾಕತ್ತು ಹೋಗ್ತದ. ಮೊಳಕಿ ಬಂದ ಕಾಳಿನಾಗ ಪಿಷ್ಟ ಒಡ್ಯೋ ಕಿಣ್ವ ಇರ್ತದ, ಗಂಜಿ ನೀರು ಹಾಕ್ದೇನೇ ಮೆತ್ತಗ ಆಗ್ತದ, ಕೂಸು ಸಲೀಸಾಗಿ ನುಂಗ್ತದ. ಅಂಗನವಾಡ್ಯಾಗ ಕೊಡೋ ಪುಷ್ಟಿ ಪುಡಿನೂ ಬಿಡಬ್ಯಾಡ್ರಿ. ದಿನಕ್ಕ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಅಂತ ಲೆಕ್ಕ ಹಾಕಿ ಸರ್ಕಾರ ಕೊಡೋ ಆಹಾರ ಅದು, ಹಾಳು ಅಂತ ದನಕ್ಕ ಹಾಕೋರೂ ಅದಾರ, ಉಂಡಿ ಕಟ್ಟಿ ಮನಿ ಮಂದೆಲ್ಲಾ ತಿನ್ನೋರೂ ಅದಾರ, ಕೂಸಿನ ಬಾಯಿಗಿ ಹೋಗೋದು ಕಮ್ಮಿ.

ಎಷ್ಟು ಸಲ ಅಂದ್ರ, ಈಗ ದಿನಕ್ಕ ಮೂರು ಊಟ, ಒಂಬತ್ತು ತುಂಬಿದ ಮ್ಯಾಲ ಮೂರ್ನಾಲ್ಕು, ಒಂದೊಂದು ಸಲ ಅರ್ಧ ಬಟ್ಟಲ. ಮೊದಲ್ನೇ ದಿನಾನೇ ಅರ್ಧ ಬಟ್ಟಲ ತುರುಕಬ್ಯಾಡ್ರಿ, ನಾಲ್ಕು ಚಮಚಾದಿಂದ ಏರ್ಸ್ರಿ. ಉಗುಳ್ತದ, ಮಾರಿ ತಿರುಗಿಸ್ತದ, ಅದು ಬ್ಯಾಡ ಅಂತ ಅಲ್ಲ, ಹೊಸ ರುಚಿ ಒಪ್ಪಲಿಕ್ಕ ಎಂಟು ಹತ್ತು ಸಲನಾದ್ರೂ ಬೇಕಾಗ್ತದ. ಕೈಕಾಲು ಹಿಡ್ದು ಒಳಲೆದಾಗ ಗಂಟಲಿಗಿ ಸುರ್ಯೋದು ಮಾತ್ರ ಬಿಡ್ರಿ, ಅದ್ರಿಂದ ಊಟ ಕಂಡ್ರನೇ ಅಳೋ ಕೂಸು ಆಗ್ತದ, ಶ್ವಾಸಕೋಶಕ್ಕ ಹೋದ್ರ ನ್ಯುಮೋನಿಯಾ.

ಚಾ ಬಿಸ್ಕಿಟ್ ಇವತ್ತಿಂದ ಬಂದ್ ಮಾಡ್ರಿ. ಇದೊಂದ್ರಾಗ ನಾನು ರಾಜಿ ಆಗಂಗಿಲ್ಲ. ಬಿಸ್ಕಿಟ್ ಅಂದ್ರ ಮೈದಾ ಸಕ್ರಿ ಎಣ್ಣಿ, ಹಸಿವು ಕೊಲ್ತದ ಅಷ್ಟೇ. ಚಾ ಅದಕ್ಕಿಂತ ಕೆಟ್ಟ, ಊಟದಾಗಿನ ಕಬ್ಬಿಣ ಮೈಗಿ ಹತ್ತಲಿಕ್ಕ ಬಿಡಂಗಿಲ್ಲ. ಹುಟ್ಟೋವಾಗ ಅವ್ವನ ಹೊಟ್ಟಿಂದ ತಂದ ಕಬ್ಬಿಣ ಆರು ತಿಂಗಳಿಗಿ ಖರ್ಚಾಗಿರ್ತದ, ಸಣ್ಣ ಹುಟ್ಟಿದ ಕೂಸಿಗಿ ಇನ್ನ ಮೊದ್ಲೇ. ದೇಶದಾಗ ಐದು ವರ್ಷದೊಳಗಿನ ಮೂರು ಮಕ್ಕಳಾಗ ಎರಡಕ್ಕ ರಕ್ತ ಕಮ್ಮಿ, ರಕ್ತ ಕಮ್ಮಿ ಆದ್ರ ಹಸಿವೂ ಕಮ್ಮಿ, ಹಸಿವು ಕಮ್ಮಿ ಆದ್ರ ತೂಕ ಏರಂಗಿಲ್ಲ, ಹಿಂಗ ಒಂದಕ್ಕೊಂದು. ಆರು ತಿಂಗಳ ಮ್ಯಾಲಿನ ಮಕ್ಕಳಿಗಿ ವಾರದಾಗ ಎರಡು ಸಲ 1 ಎಂಎಲ್ ಕಬ್ಬಿಣದ ಸಿರಪ್ ಸರ್ಕಾರದಿಂದ ಪುಕಟ್ ಅದ, ಆಶಾ ಅಕ್ಕಗ ಕೇಳ್ರಿ, ನಿಮಗ ಕೊಟ್ಟಿರ್ಲಿಕ್ಕಿಲ್ಲ ಅನಸ್ತದ.

ಜುಲಾಬ್ ಆದ ಐದು ದಿನ ಏನ್ ಮಾಡಿದ್ರಿ ಅಂತ ಬರ್ದಿಲ್ಲ. ಬಹುಶಃ ಹೊಟ್ಟಿ ಖಾಲಿ ಇಟ್ಟಿರ್ತೀರಿ, ನಮ್ಮ ಕಡಿ ಹಂಗೇ ಮಾಡ್ತಾರ, ಗಂಜಿ ನೀರು ಬಿಟ್ಟು ಏನೂ ಕೊಡಂಗಿಲ್ಲ. ಐದು ದಿನದ ಜುಲಾಬ್, ಮ್ಯಾಲ ಹತ್ತು ದಿನದ ಪಥ್ಯ, ಒಂದು ತಿಂಗಳ ತೂಕ ಹಿಂಗೇ ಹೋಗ್ತದ. ಮುಂದ ಹಂಗಾದ್ರ ಓಆರ್‌ಎಸ್ ಜೋಡಿ 14 ದಿನ ಜಿಂಕ್ ಕೊಡ್ರಿ, ಆರು ತಿಂಗಳ ಮ್ಯಾಲಿನ ಕೂಸಿಗಿ ದಿನಕ್ಕ 20 ಎಂಜಿ, ಎದಿಹಾಲು ಊಟ ಎರಡೂ ನಡೀಲಿ, ಆರಾಮ ಆದ ಮ್ಯಾಲ ಎರಡು ವಾರ ದಿನಕ್ಕ ಒಂದು ಊಟ ಜಾಸ್ತಿ. ಹಲ್ಲು ಬರ್ಲಿಕ್ಕ ಜುಲಾಬ್ ಆತು ಅಂತಾರಲ್ಲ, ಹಲ್ಲಿಂದ ಅಲ್ಲ, ಆ ವಯಸ್ಸಿನಾಗ ನೆಲದ ಮ್ಯಾಲ ಸಿಕ್ಕಿದ್ದೆಲ್ಲಾ ಬಾಯಿಗಿ ಹಾಕ್ತಾವ ಅದಕ್ಕ.

ದೃಷ್ಟಿ ತೆಗೀರಿ, ನನ್ನದೇನೂ ತಕರಾರು ಇಲ್ಲ, ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕಿದ್ರ ಕೂಸಿಗಿ ಏನೂ ಆಗಂಗಿಲ್ಲ, ಅತ್ತಿ ನೆಗೆಣ್ಣಿಗೂ ಸಮಾಧಾನ. ಎಣ್ಣಿ ಹಚ್ಚಿ ತಿಕ್ಕಿ ಎರಿಯೋದೂ ಛೊಲೊನೇ, ಮೂಗು ಕಿವಿದಾಗ ಎಣ್ಣಿ ಬಿಡದಿದ್ರ ಸಾಕು. ಬಜಿ ತೇಯ್ದು ನೆಕ್ಕಿಸೋದು, ಘುಟ್ಟಿ ಕುಡಿಸೋದು ಬ್ಯಾಡ, ತೇಯೋ ಕಲ್ಲು, ನೀರು, ಕೈ, ಇವುಗಳಿಂದನೇ ಜುಲಾಬ್ ಬರ್ತದ. ಇನ್ನ ಕೂಸು ಸೊರಗ್ಯಾದ ಅಂತ ಹೊಟ್ಟಿಗಿ ಬರಿ ಹಾಕ್ಸೋದು ಕೆಲವು ಹಳ್ಳ್ಯಾಗ ಇನ್ನೂ ಅದ, ಯಾರರ ಹೇಳಿದ್ರ ಅಲ್ಲೇ ಖಡಕ್ಕಾಗಿ ಇಲ್ಲ ಅಂತ ಹೇಳ್ರಿ, ಆ ಗಾಯ ಕೀವಾಗಿ ಜೀವಕ್ಕೇ ಬರ್ತದ.

ಮೆಡಿಕಲ್ ಅಂಗಡಿ ಟಾನಿಕ್‌ದು. ಬಾಟಲಿ ಮ್ಯಾಲ ಸೈಪ್ರೊಹೆಪ್ಟಡಿನ್ ಅಂತ ಬರ್ದಿತ್ತಂದ್ರ ಬಂದ್ ಮಾಡ್ರಿ, ಅದು ಮೂಲದಾಗ ಅಲರ್ಜಿ ಔಷಧ, ನಿದ್ದಿ ಬರಸ್ತದ, ಎರಡು ವರ್ಷದೊಳಗಿನ ಮಕ್ಕಳಿಗಿ ಕೊಡೋದಲ್ಲ. ಅದು ಅಲ್ಲದ ಸಾದಾ ವಿಟಮಿನ್ ಸಿರಪ್ ಆಗಿದ್ರ ನುಕ್ಸಾನ್ ಏನಿಲ್ಲ, ತೂಕನೂ ಏರಂಗಿಲ್ಲ. ಈ ವಯಸ್ಸಿಗಿ ಪ್ರೋಟೀನ್ ಪೌಡರ್ ಡಬ್ಬಿ ಬೇಕಾಗಿಲ್ಲ, ಆ ರೊಕ್ಕಕ್ಕ ತಿಂಗಳು ಪೂರ್ತಿ ತುಪ್ಪ, ತತ್ತಿ, ಹಣ್ಣು ಬರ್ತಾವ.

ಡಬ್ಬಿ ಹಾಲು ಕೆಟ್ಟ ಅಂತ ನಾನು ಹೇಳಂಗಿಲ್ಲ, ತಾಯಿ ಇಲ್ಲದ ಕೂಸಿಗಿ, ಖರೇನೇ ಹಾಲು ಬತ್ತಿದ ತಾಯಿಗಿ ನಾನೇ ಬರ್ದು ಕೊಡ್ತೀನಿ. ನಿಮ್ಮ ಮನ್ಯಾಗ ಅದ್ರ ಅಪಾಯ ಬ್ಯಾರೆ. ಡಬ್ಬಿ ತುಟ್ಟಿ, 30 ಎಂಎಲ್ ನೀರಿಗಿ ಒಂದು ಚಮಚಾ ಅಂತ ಬರ್ದಿದ್ರ ಜನ ವಾರ ಪೂರ್ತಿ ಬರ್ಲಿ ಅಂತ 60ಕ್ಕ ಒಂದು ಹಾಕ್ತಾರ, ಮತ್ತ ಅದೇ ನೀರಿನ ಕಥಿ. ಬಾಟ್ಲಿ ನಿಪ್ಪಲ್ ಕುದಿಸೋದು ಒಂದು ದಿನ ತಪ್ಪಿದ್ರ ಜುಲಾಬ್. ಬಾಟ್ಲಿ ರೂಢಿ ಆದ್ರ ಕೂಸು ಎದಿ ಚೀಪೋದು ಕಮ್ಮಿ ಮಾಡ್ತದ, ಚೀಪೋದು ಕಮ್ಮಿ ಆದ್ರ ಹಾಲು ಖರೇನೇ ಕಮ್ಮಿ ಆಗ್ತದ, ಆಗ ಅತ್ತಿ ಮಾತು ಖರೇ ಆಗಿ ಕೂಡ್ತದ. ಡಬ್ಬಿ ಹಾಲು, ಬಾಟ್ಲಿಗಳ ಜಾಹೀರಾತನ್ನ ಸರ್ಕಾರ 1992ರ ಕಾಯ್ದೆದಾಗೇ ನಿಷೇಧ ಮಾಡ್ಯಾದ, ಅಷ್ಟರ ಮ್ಯಾಲ ತಿಳ್ಕೊಳ್ರಿ. ಮನಿ ಆಕಳ ಎಮ್ಮಿ ಹಾಲು ಊಟದಾಗ ಕಲಸಿ ತುಸು ಕೊಡ್ಬಹುದು, ಮೊಸರು ಕೊಡ್ಬಹುದು, ಆದ್ರ ವರ್ಷದೊಳಗ ಲೋಟಾ ಲೋಟಾ ಕುಡಿಸಬಾರ್ದು, ಅದ್ರಾಗ ಕಬ್ಬಿಣ ಇಲ್ಲ.

ಅದ್ರ ಬದ್ಲಿ ನಿಮ್ಮ ಹಾಲೇ ಹಗಲಿಗೂ ಸಿಗಂಗ ಮಾಡ್ರಿ. ಮುಂಜಾನಿ ಹೊಂಡೋಕಿಂತ ಮೊದ್ಲು ಒಂದು ಸಲ ಹೊಟ್ಟಿ ತುಂಬ ಕುಡಿಸ್ರಿ, ಬಂದ ಕೂಡ್ಲೇ ಕೈ ಮಾರಿ ತೊಳ್ಕೊಂಡು ಮತ್ತೊಮ್ಮಿ, ರಾತ್ರಿ ಬೇಡಿದಷ್ಟು ಸಲ. ಮುಂಜಾನಿ ಇನ್ನೊಂದು ಕಡಿದು ಕೈಲೆ ಹಿಂಡಿ ಸ್ಟೀಲ್ ಡಬ್ಬ್ಯಾಗ ಫ್ರಿಜ್‌ದಾಗ ಇಡ್ರಿ, ಅಲ್ಲಿ ನಾಲ್ಕು ದಿನ ಇರ್ತದ. ಹೊರಗ ಸಾದಾ ಹವಾದಾಗ ನಾಲ್ಕು ತಾಸು ಅಂತ ಪುಸ್ತಕದಾಗ ಇರ್ತದ, ಅದು 25 ಡಿಗ್ರಿ ಲೆಕ್ಕ, ನಮ್ಮ ಏಪ್ರಿಲ್ ಮೇದಾಗ ಅದನ್ನ ನಂಬಬ್ಯಾಡ್ರಿ. ಕಾಯಿಸಬಾರ್ದು, ಬಿಸಿ ನೀರಿನ ಬಟ್ಟಲದಾಗ ಡಬ್ಬಿ ಇಟ್ಟು ಉಗುರು ಬೆಚ್ಚಗ ಮಾಡಿ ಚಮಚಾಲೆ ಕುಡಿಸ್ಬೇಕು. ಊಟಕ್ಕ ಮೊದ್ಲು ನೀರು ಬ್ಯಾಡ, ಊಟ ಆದ ಮ್ಯಾಲ ಕಾಯಿಸಿ ಆರಿಸಿದ ನೀರು ಎರಡು ಗುಟುಕು ಸಾಕು, ಬ್ಯಾಸಿಗ್ಯಾಗ ತುಸು ಜಾಸ್ತಿ.

ಈಗ ಇಷ್ಟೆಲ್ಲಾ ಹೇಳಿದ ಮ್ಯಾಲೂ ಒಂದು ಸಂಶಯ ಇಟ್ಕೊಂಡೇ ಇರ್ತೀವಿ ನಾವು ಡಾಕ್ಟರ್ ಮಂದಿ, ಊಟ ಅಷ್ಟೇನೋ ಒಳಗ ಬ್ಯಾರೆ ಏನರ ಅದನೋ ಅಂತ. ನೀವು ಬರ್ದದ್ದು ನೋಡಿದ್ರ, ಕೂಸು ಆಡ್ತದ, ಅಂಬೆಗಾಲು ಹಾಕ್ತದ, ಊಟದ್ದೇ ಕಾರಣ ಅಂತ ನನ್ನ ಅಂದಾಜು. ಆದ್ರ ಹಾಲು ಕುಡ್ಯೋವಾಗ ಹಣಿ ಬೆವರೋದು ದಮ್ಮು ಬರೋದು, ಎರಡು ವಾರ ದಾಟಿದ ಜುಲಾಬ್ ಇಲ್ಲಾ ಕೆಮ್ಮು, ಮನ್ಯಾಗ ಯಾರಿಗರ ಟಿಬಿ, ಹಸಿರು ವಾಂತಿ, ಕಾಲು ಬಾವು, ಕಲಿತ ಆಟ ಮರಿಯೋದು, ಇವುಗಳಾಗ ಒಂದಿದ್ರೂ ಊಟದ ಪ್ರಯೋಗ ಮಾಡ್ಕೋತ ಕೂಡಬ್ಯಾಡ್ರಿ, ಸೀದಾ ಮಕ್ಕಳ ಡಾಕ್ಟರ್ ಹತ್ರ ಹೋಗ್ರಿ. ಹೆಣ್ಣುಕೂಸಿನಾಗ ಮೂತ್ರದ ಸೋಂಕು ಸದ್ದಿಲ್ದೇ ಇರ್ತದ, ಕಾರಣ ಇಲ್ದೇ ಜ್ವರ ಬಂದು ಹೋಗ್ತಿದ್ರ ಮೂತ್ರ ತಪಾಸಿಸಬೇಕು.

ನಮ್ಮ ಭಾಗದಾಗ ಇನ್ನೊಂದು ಅದ, ಇದನ್ನ ಬಿಡಿಸಿ ಹೇಳ್ಬೇಕು. ನೀವು ಪೂರಾ ಶಾಖಾಹಾರಿ ಏನು ಅಂತ ಬರ್ದಿಲ್ಲ. ಹೌದಾದ್ರ, ಹಾಲು ಮೊಸರೂ ಕಮ್ಮಿ ತಗೋತಿದ್ರ, ನಿಮ್ಮ ಮೈಯಾಗೇ ವಿಟಮಿನ್ ಬಿ12 ಕಮ್ಮಿ ಇರಬಹುದು, ಆಗ ಹಾಲಿನಾಗೂ ಕಮ್ಮಿ ಬರ್ತದ. ಅಂಥ ಕೂಸು ನೋಡ್ಲಿಕ್ಕ ಗುಂಡಗೇ ಇರಬಹುದು, ಆದ್ರ ಮಂಕಾಗಿ ಇರ್ತದ, ಬೆರಳ ಗೆಣ್ಣಿನ ಮ್ಯಾಲ ಕಪ್ಪಾಗ್ತದ, ಕೂದಲು ಕೆಂಚಗಾಗಿ ತೆಳುವಾಗ್ತದ, ಕೂಡೋದು ನಗೋದು ಕಮ್ಮಿ ಮಾಡ್ತದ, ಆಮ್ಯಾಲ ಕೈ ನಡುಗ್ತಾವ. ನಿಮ್ಮ ಮಗಳ ಗೆಣ್ಣು ಇವತ್ತು ಬೆಳಕಿನಾಗ ನೋಡ್ರಿ. ಅನುಮಾನ ಬಂದ್ರ ತಾಯಿ ಕೂಸು ಇಬ್ರದೂ ರಕ್ತ ತಪಾಸಬೇಕು, ಔಷಧ ಅಗ್ಗ, ಫರಕ್ ಬೇಗ ಕಾಣ್ತದ, ಆದ್ರ ತಡ ಮಾಡಿದ್ರ ಮಿದುಳಿಗಿ ಆದ ಪೆಟ್ಟು ಪೂರಾ ತಿರುಗಿ ಬರಂಗಿಲ್ಲ. ಹಾಲು ಸಾಲವಲ್ದು ಅನ್ನೋದಕ್ಕೂ ಇದಕ್ಕೂ ಕೂಡಿಸಬ್ಯಾಡ್ರಿ ಮತ್ತ, ಹಾಲು ಬಿಡಸೋದಲ್ಲ ಇಲ್ಲಿ, ತಾಯಿಗಿ ಬಿ12 ಕೊಡೋದು.

ಬ್ಯಾರೆ ಏನೂ ಲಕ್ಷಣ ಇಲ್ದಿದ್ರ ದೊಡ್ಡ ದೊಡ್ಡ ಟೆಸ್ಟ್ ಬ್ಯಾಡ. ಒಂದು ರಕ್ತದ ಸಾದಾ ಟೆಸ್ಟ್, ಒಂದು ಮೂತ್ರದ್ದು, ಇಷ್ಟು ಸಾಕು ಈಗ. ಉದ್ದ ಮತ್ತ ರಟ್ಟಿ ಸುತ್ತಳತಿ ಅಳಸ್ರಿ, ನೀವು ಎರಡೂ ಬರ್ದಿಲ್ಲ. ಉದ್ದನೂ ಕಮ್ಮಿ ಇದ್ರ ಭಾಳ ದಿನದಿಂದ ಕೊರತಿ ಅದ ಅಂತ, ಉದ್ದ ಸರಿ ಇದ್ದು ತೂಕ ಅಷ್ಟೇ ಬಿದ್ದಿದ್ರ ಇತ್ತೀಚಿಂದು ಅಂತ. ರಟ್ಟಿ ಅಳಿಯೋ ಬಣ್ಣದ ಪಟ್ಟಿ ಅಂಗನವಾಡ್ಯಾಗ ಇರ್ತದ, 12.5 ಸೆಂಟಿಮೀಟರ್ ಮ್ಯಾಲ ಇದ್ರ ಸಮಾಧಾನ, 11.5 ಕೆಳಗ ಇದ್ರ ಅದು ತೀವ್ರ ಅಪೌಷ್ಟಿಕತಿ, ಆಗ ಕೂಡ್ಲೇ ಡಾಕ್ಟರ್‌ಗ ತೋರಿಸ್ಬೇಕು, ಹಸಿವೇ ಇಲ್ದಿದ್ರ ಇಲ್ಲಾ ಬ್ಯಾರೆ ತೊಂದ್ರಿ ಕೂಡಿದ್ರ ಜಿಲ್ಲಾ ಆಸ್ಪತ್ರಿದಾಗಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕ ದಾಖಲ್ ಮಾಡ್ಬೇಕು. ಎರಡು ವಾರದಷ್ಟು ಇಟ್ಕೋತಾರ, ಊಟ ಔಷಧ ಪುಕಟ್, ತಾಯಿಗಿ ಕೂಲಿ ನಷ್ಟಕ್ಕ ಅಂತ ತುಸು ರೊಕ್ಕನೂ ಕೊಡ್ತಾರ. ಅಲ್ಲಿಗಿ ಹೋದ್ರ ಮಂದಿ ಏನಂತಾರ ಅಂತ ಹಿಂದ ಸರಿಯೋರು ಭಾಳ, ಅದಕ್ಕ ಮೊದ್ಲೇ ಹೇಳೀನಿ. ನಿಮ್ಮ ಮಗಳಿಗಿ ಅಲ್ಲಿ ತನಕ ಹೋಗೋ ಪ್ರಸಂಗ ಬರಂಗಿಲ್ಲ ಅಂತ ನನಗ ಅನಸ್ತದ.

ಹಂಗಾಗಿ ಊಟ ಗಟ್ಟಿ ಮಾಡಿ, ಚಾ ಬಂದ್ ಮಾಡಿ, ನಾಲ್ಕು ವಾರ ನೋಡ್ರಿ. ಎರಡು ವಾರಕ್ಕೇ ಕಾಟಾ ಸರ್ಕೊಂಡು ಏರ್ಲಕತ್ತಿರ್ಬೇಕು, ನಾಲ್ಕು ವಾರದಾಗ 300 ಗ್ರಾಂ ಹತ್ರ ಏರಿದ್ರ ನಮ್ಮ ಅಂದಾಜು ಸರಿ ಇತ್ತು ಅಂತ, ಅದೇ ಮುಂದುವರ್ಸ್ರಿ. 150 ಒಳಗೇ ಇದ್ರ ಇಲ್ಲಾ ನಡುವ ಇಳಿದ್ರ ಇನ್ನೊಂದು ತಿಂಗಳು ನೋಡೋಣ ಅನ್ನಬ್ಯಾಡ್ರಿ, ಕೂಸನ್ನ ಕರ್ಕೊಂಡು ಹತ್ರದ ಮಕ್ಕಳ ಡಾಕ್ಟರ್ ಕಡಿ ಹೋಗ್ರಿ, ಈ ತೂಕದ ಚೀಟಿ ಜೋಡಿ. ಅತ್ತಿಯವ್ರಿಗಿ ಓದಿ ಹೇಳೋದಿದ್ರ ಬ್ಯಾಳಿ ಕಟ್ಟಿಂದು ಅಷ್ಟೇ ಹೇಳ್ರಿ, ಉಳಿದದ್ದು ಬ್ಯಾಡ, ಮೊದಲ್ನೇ ದಿನ ನೀವೇ ಒಂದು ಸಲ ಮಾಡಿ ತಿನಿಸಿ ತೋರ್ಸ್ರಿ, ಗಟ್ಟಿ ತಿಂದೂ ಕೂಸು ಆರಾಮ ಅದ ಅಂತ ಕಣ್ಣಾರೆ ಕಂಡ್ರ ಅವ್ರೇ ನಿಮಗಿಂತ ಛೊಲೊ ಮಾಡ್ತಾರ. ಇನ್ನ ಎರಡು ವಾರಕ್ಕ ಒಂಬತ್ತು ತುಂಬ್ತದ, ಎಂಆರ್ (ದಡಾರ, ರುಬೆಲ್ಲಾ) ಸೂಜಿ, ವಿಟಮಿನ್ ಎ ಹನಿ ಅವತ್ತೇ ಇರ್ತದ, ತೂಕ, ಉದ್ದ, ರಟ್ಟಿ ಮೂರೂ ಅಲ್ಲೇ ಅಳ್ಸಿ ಕಾರ್ಡ್ ಮ್ಯಾಲ ಬರ್ಸ್ಕೊಳ್ರಿ. ಕಾರ್ಡ್‌ನ ಫೋಟೋ ಕಳ್ಸಿದ್ರ ನೋಡಿ ಹೇಳ್ತೀನಿ.